ಒಂದೇ ಅಳತೆಯ ಎರಡು ಡಿಸ್ಕ್: ಆಡಿಟರ್ ಕಚೇರಿಯ ಲೆಕ್ಕಪತ್ರ ಅಳಿಸಿಹೋದ ಬಗೆ

500 ಜಿಬಿ ಎಂದು ಮುದ್ರಿಸಿರುವ ಒಂದು ಹಳೆಯ ಹಾರ್ಡ್ ಡಿಸ್ಕನ್ನೂ ಅಷ್ಟೇ ಸಾಮರ್ಥ್ಯದ, ಚಿಪ್‌ಗಳಲ್ಲಿ ಮಾಹಿತಿ ಇಡುವ ಒಂದು ಹೊಸ ಎಸ್‌ಎಸ್‌ಡಿಯನ್ನೂ ಒಟ್ಟಿಗೆ ಜೋಡಿಸಿ ನೋಡಿದರೆ, ಅವು ಬೇರೆ ಬೇರೆ ಕಂಪನಿಯವಾಗಿದ್ದರೂ ಬಹಳಷ್ಟು ಸಲ ಎರಡೂ ಒಂದೇ ಲೆಕ್ಕವನ್ನು ತೋರಿಸುತ್ತವೆ: 97,67,73,168 ಸೆಕ್ಟರ್ (ಡಿಸ್ಕಿನಲ್ಲಿ ಮಾಹಿತಿ ಬರೆಯುವ ಪುಟ್ಟ ತುಣುಕು), ಅಂದರೆ 5,00,10,78,62,016 ಬೈಟ್. ತಯಾರಕರೆಲ್ಲ ಒಂದು ಸಾಮಾನ್ಯ ಮಾನದಂಡವನ್ನು ಅನುಸರಿಸುವುದರಿಂದ ಹೀಗಾಗುತ್ತದೆ. ಕೆಟ್ಟ ಡಿಸ್ಕಿನ ಜಾಗಕ್ಕೆ ಇನ್ನೊಂದನ್ನು ಕೂರಿಸುವಾಗ ಇದರಿಂದ ದೊಡ್ಡ ಅನುಕೂಲವಿದೆ. ದಾವಣಗೆರೆಯ ಆಡಿಟರ್ ಒಬ್ಬರ ಕಚೇರಿಯ ಕಂಪ್ಯೂಟರನ್ನು ರಿಪೇರಿ ಮಾಡುವಾಗ ಇದೇ ಹೋಲಿಕೆಯಿಂದ ನಾನು ಮೋಸಹೋದೆ. ಹಲವು ವ್ಯಾಪಾರಿಗಳ ಲೆಕ್ಕ ನನ್ನ ಕೈಯಿಂದಲೇ ಅಳಿಸಿಹೋಯಿತು. ಇದೇ ಕೆಲಸ ಮಾಡುವವರಿಗೆ ಉಪಯೋಗವಾಗಬಹುದೆಂದು ನಡೆದುದನ್ನು ಕ್ರಮವಾಗಿ ಬರೆಯುತ್ತಿದ್ದೇನೆ.

ಆ ಕಚೇರಿಯ ಕಂಪ್ಯೂಟರ್‌ಗಳ ವಾರ್ಷಿಕ ನಿರ್ವಹಣೆಯ ಗುತ್ತಿಗೆ, ನಾವು ಎಎಂಸಿ ಎನ್ನುವುದು, ನನ್ನದಾಗಿತ್ತು. ಅಲ್ಲಿನ ಮುಖ್ಯ ಕಂಪ್ಯೂಟರ್ ತೀರಾ ನಿಧಾನವಾಗಿದೆ, ಲೆಕ್ಕದ ತಂತ್ರಾಂಶವಾದ ಟ್ಯಾಲಿ ತೆರೆದರೆ ನಡುವೆಯೇ ನಿಂತುಬಿಡುತ್ತದೆ ಎಂದು ಲೆಕ್ಕ ಬರೆಯುವ ಅಕ್ಕ ಫೋನ್ ಮಾಡಿದ್ದರು. ಹೋಗಿ, ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿ ತೆಗೆದಾಗ, ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳ ಸಂಖ್ಯೆ ಕಣ್ಣೆದುರಿಗೇ ಏರುತ್ತಿತ್ತು. ಇಂಥ ಡಿಸ್ಕಿನ ಮೇಲೆ ವಿಂಡೋಸನ್ನು ಇನ್ನಷ್ಟು ಹೊತ್ತು ಓಡಿಸುವುದು ತಪ್ಪಾದ್ದರಿಂದ ಕಂಪ್ಯೂಟರನ್ನು ಆರಿಸಿ, ಡಿಸ್ಕ್ ಬಿಚ್ಚಿಕೊಂಡು ಅಂಗಡಿಗೆ ತಂದೆ. ಅದರಲ್ಲಿ ಎರಡು ಭಾಗಗಳಿದ್ದವು. ಸುಮಾರು 150 ಜಿಬಿಯ ಸಿ ಡ್ರೈವ್‌ನಲ್ಲಿ ವಿಂಡೋಸ್ ಇತ್ತು. ಉಳಿದದ್ದೆಲ್ಲ ಡಿ ಡ್ರೈವ್. ಟ್ಯಾಲಿಯ ಡೇಟಾ ಫೋಲ್ಡರ್ ಡಿ ಡ್ರೈವ್‌ನಲ್ಲಿತ್ತು. ಟ್ಯಾಲಿಯಿಂದ ಆಗಾಗ ತೆಗೆದ ಬ್ಯಾಕಪ್ ಕೂಡ ಅದೇ ಡಿ ಡ್ರೈವ್‌ನಲ್ಲಿತ್ತು. ‘ಡಿ ಡ್ರೈವ್‌ಗೆ ಹಾಕಿದರೆ ಸೇಫ್’ ಎಂಬ ನಂಬಿಕೆ ನಮ್ಮ ಕಡೆಯ ಕಚೇರಿಗಳಲ್ಲಿ ಎಷ್ಟು ಬೇರೂರಿದೆ ಎಂಬುದು ಈ ಕೆಲಸದಲ್ಲಿ ಇರುವವರಿಗೆಲ್ಲ ಗೊತ್ತು. ವಿಂಡೋಸ್ ಕೆಟ್ಟರೆ ಡಿ ಡ್ರೈವ್ ಉಳಿಯುತ್ತದೆ ಎಂಬುದು ನಿಜ. ಡಿಸ್ಕೇ ಕೆಟ್ಟರೆ ಎರಡೂ ಒಟ್ಟಿಗೇ ಹೋಗುತ್ತವೆ.

ಓದಲು ಕಷ್ಟಪಡುವ ಡಿಸ್ಕ್‌ಗಳಿಗೆ ನಾನು ಲಿನಕ್ಸ್‌ನ ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಬಳಸುತ್ತೇನೆ. ಅದು ಚೆನ್ನಾಗಿ ಓದಲು ಬರುವ ಭಾಗಗಳನ್ನು ಮೊದಲು ನಕಲು ಮಾಡಿಕೊಂಡು, ಹಟ ಮಾಡುವ ಸೆಕ್ಟರ್‌ಗಳಿಗೆ ಕೊನೆಯಲ್ಲಿ ಮರಳುತ್ತದೆ. ಎಲ್ಲಿಯವರೆಗೆ ಕೆಲಸವಾಗಿದೆ ಎಂಬುದನ್ನು ಮ್ಯಾಪ್ ಫೈಲ್ ಎಂಬ ಪುಟ್ಟ ಕಡತದಲ್ಲಿ ಬರೆದಿಡುವುದರಿಂದ, ನಡುವೆ ನಿಂತರೂ ಅಲ್ಲಿಂದಲೇ ಮುಂದುವರಿಸಬಹುದು. ಡಿಸ್ಕನ್ನು ಯುಎಸ್‌ಬಿ ಮೂಲಕ ಕಂಪ್ಯೂಟರ್‌ಗೆ ಜೋಡಿಸುವ, ಒಂದೇ ಮಾದರಿಯ ಎರಡು ಡಾಕ್‌ಗಳಲ್ಲಿ ಮೊದಲು ಹಳೆಯ ಡಿಸ್ಕನ್ನೂ ಆಮೇಲೆ ಹೊಸ ಎಸ್‌ಎಸ್‌ಡಿಯನ್ನೂ ಹಾಕಿದೆ. ಲಿನಕ್ಸ್ ಹಳೆಯದಕ್ಕೆ ಎಸ್‌ಡಿಬಿ ಎಂದೂ ಹೊಸದಕ್ಕೆ ಎಸ್‌ಡಿಸಿ ಎಂದೂ ಹೆಸರು ಕೊಟ್ಟಿತು. ಎಸ್‌ಡಿಬಿಯಿಂದ ಎಸ್‌ಡಿಸಿಗೆ ನಕಲು ಮಾಡುವ ಆದೇಶವನ್ನು ಒಂದು ಚೀಟಿಯಲ್ಲಿ ಬರೆದುಕೊಂಡು, ಮ್ಯಾಪ್ ಫೈಲನ್ನು ಪೆನ್ ಡ್ರೈವ್‌ನಲ್ಲಿ ಇರಿಸಿ ಕೆಲಸ ಆರಂಭಿಸಿದೆ. ಡಿಸ್ಕ್ ಆಗಾಗ ಟಕ್ ಟಕ್ ಎನ್ನುತ್ತಿತ್ತು; ಸೆಕೆಂಡಿಗೆ 30 ಎಂಬಿ ದಾಟದ ವೇಗದಲ್ಲಿ, ಅಲ್ಲಲ್ಲಿ ತಡೆಯುತ್ತ ನಕಲು ಸಾಗುತ್ತಿತ್ತು. 170 ಜಿಬಿಯ ಹತ್ತಿರ ಬಂದಾಗ ಕರೆಂಟ್ ಹೋಯಿತು. ಯುಪಿಎಸ್‌ನ ಬ್ಯಾಟರಿ ಹಳೆಯದಾಗಿದ್ದರಿಂದ ಕಂಪ್ಯೂಟರೂ ಡಾಕ್‌ಗಳೂ ಒಟ್ಟಿಗೇ ಆರಿದವು.

ಕರೆಂಟ್ ಬಂದ ಮೇಲೆ ಎಲ್ಲವನ್ನೂ ಒಮ್ಮೆಗೇ ಚಾಲೂ ಮಾಡಿದೆ. ಎಸ್‌ಎಸ್‌ಡಿಗೆ ತಿರುಗುವ ಭಾಗಗಳಿಲ್ಲದ ಕಾರಣ ಅದು ತಕ್ಷಣ ಸಿದ್ಧವಾಗುತ್ತದೆ. ಬಡವಾದ ಹಾರ್ಡ್ ಡಿಸ್ಕ್ ತಿರುಗಿ ವೇಗ ಹಿಡಿಯಲು ಹಲವು ಸೆಕೆಂಡ್ ಬೇಕು. ಎಸ್‌ಡಿಬಿ, ಎಸ್‌ಡಿಸಿ ಎಂಬುವು ಡಿಸ್ಕಿನ ಹೆಸರುಗಳಲ್ಲ, ಪತ್ತೆಯಾದ ಸರದಿಯಂತೆ ಸಿಗುವ ಟೋಕನ್‌ಗಳು. ಈ ಸಲ ಎಸ್‌ಎಸ್‌ಡಿ ಮೊದಲು ಪತ್ತೆಯಾಗಿ ಎಸ್‌ಡಿಬಿ ಆಯಿತು, ಹಳೆಯದು ಎಸ್‌ಡಿಸಿ ಆಯಿತು. ಇದು ಹೀಗಾಗಬಹುದೆಂದು ನನಗೆ ತಿಳಿಯದೆ ಇರಲಿಲ್ಲ. ಆದ್ದರಿಂದಲೇ ಡಿಸ್ಕ್‌ಗಳ ಪಟ್ಟಿಯನ್ನು ಮತ್ತೊಮ್ಮೆ ತೆಗೆದು ನೋಡಿದೆ. ಅಳತೆ ಎರಡರದೂ ಒಂದೇ. ಮೊದಲ 170 ಜಿಬಿ ಆಗಲೇ ನಕಲಾಗಿದ್ದರಿಂದ ಹಳೆಯ ಡಿಸ್ಕಿನ ಪಾರ್ಟಿಷನ್ ಪಟ್ಟಿ ಹೊಸದರಲ್ಲೂ ಬಂದು ಕೂತಿತ್ತು. ಹಾಗಾಗಿ ಸಿ, ಡಿ ಭಾಗಗಳು, ಅವುಗಳ ಲೇಬಲ್‌ಗಳು ಎಲ್ಲವೂ ಎರಡರಲ್ಲೂ ಹಾಗೆ ಹಾಗೇ ಕಂಡವು. ಮಾದರಿಯ ಕಾಲಮ್ಮಿನಲ್ಲಿ ಡಿಸ್ಕಿನ ಹೆಸರಿನ ಬದಲು ಡಾಕ್‌ನ ಹೆಸರು ಬಂದಿತ್ತು, ಅದೂ ಎರಡಕ್ಕೂ ಒಂದೇ. ಪಟ್ಟಿಯಲ್ಲಿ ಎಸ್‌ಡಿಬಿಯ ಸಾಲು ಮೊದಲ ಸಲ ಹೇಗಿತ್ತೋ ಈಗಲೂ ಹಾಗೆಯೇ ಇದೆ ಎಂದು ತೃಪ್ತಿಪಟ್ಟು, ಚೀಟಿಯಲ್ಲಿದ್ದ ಆದೇಶವನ್ನೇ ಮತ್ತೆ ಟೈಪ್ ಮಾಡಿದೆ. ಅರ್ಧ ನಕಲಾದ ಮೇಲೆ ಎರಡು ಡಿಸ್ಕ್‌ಗಳನ್ನು ಬೇರೆ ಮಾಡಿ ತೋರಿಸುವುದು ಅವುಗಳ ಸೀರಿಯಲ್ ನಂಬರ್ ಮಾತ್ರ ಎಂಬುದು ಆ ಗಳಿಗೆಯಲ್ಲಿ ನನಗೆ ಹೊಳೆಯಲಿಲ್ಲ.

ಡಿಡಿರೆಸ್ಕ್ಯೂ ಮ್ಯಾಪ್ ಫೈಲನ್ನು ಓದಿ 170 ಜಿಬಿಯಿಂದ ಮುಂದಕ್ಕೆ ಕೆಲಸ ಆರಂಭಿಸಿತು. ಆದರೆ ಈಗ ಅದು ಹೊಸ ಎಸ್‌ಎಸ್‌ಡಿಯ ಖಾಲಿ ಜಾಗವನ್ನು ಓದಿ, ಹಳೆಯ ಡಿಸ್ಕಿನ ಮೇಲೆ ಸೊನ್ನೆಗಳನ್ನು ಬರೆಯುತ್ತಿತ್ತು. ವೇಗ ಸೆಕೆಂಡಿಗೆ 110 ಎಂಬಿಗೆ ಏರಿತು, ದೋಷಗಳ ಸಂಖ್ಯೆ ಒಂದೂ ಹೆಚ್ಚಲಿಲ್ಲ, ಡಿಸ್ಕಿನ ಟಕ್ ಟಕ್ ಸದ್ದೂ ನಿಂತಿತು. ಕೆಟ್ಟ ಪ್ರದೇಶ ದಾಟಿತು, ಇನ್ನು ಸಲೀಸು ಎಂದುಕೊಂಡು ಬೇರೊಂದು ಕೆಲಸಕ್ಕೆ ಕೈ ಹಾಕಿದೆ. ಸ್ವಲ್ಪ ಹೊತ್ತಿನ ಮೇಲೆ ತಿರುಗಿ ನೋಡಿದಾಗ ಆ ಏಕಪ್ರಕಾರದ ವೇಗವೇ ಅನುಮಾನ ಹುಟ್ಟಿಸಿತು, ಏಕೆಂದರೆ ಸಾಯುತ್ತಿರುವ ಡಿಸ್ಕ್ ಹೀಗೆ ಓದಿಕೊಡುವುದಿಲ್ಲ. ಸ್ಮಾರ್ಟ್ ವರದಿಯಿಂದ ಎಸ್‌ಡಿಸಿಯ ಸೀರಿಯಲ್ ನಂಬರ್ ತೆಗೆದು ಸ್ಟಿಕ್ಕರ್ ಜೊತೆ ಹೋಲಿಸಿದೆ. ಅದು ಹಳೆಯ ಡಿಸ್ಕಿನದಾಗಿತ್ತು. ಅದೇ ವರದಿಯಲ್ಲಿ ಬಾಕಿ ಸೆಕ್ಟರ್‌ಗಳ ಸಂಖ್ಯೆ ಇಳಿದಿತ್ತು. ಓದಲಾಗದ ಸೆಕ್ಟರ್ ಮೇಲೆ ಹೊಸದಾಗಿ ಬರೆದಾಗ ಡಿಸ್ಕ್ ಅದನ್ನು ಬಾಕಿ ಪಟ್ಟಿಯಿಂದ ತೆಗೆಯುತ್ತದೆ. ಹಾಗಾಗಿ ಆ ಇಳಿಕೆಯೇ ಬರವಣಿಗೆ ನಡೆದದ್ದಕ್ಕೆ ಸಾಕ್ಷಿಯಾಗಿತ್ತು. ಡಾಕ್‌ನ ಸ್ವಿಚ್ ಆರಿಸುವ ಹೊತ್ತಿಗೆ ಸುಮಾರು 80 ಜಿಬಿ ಹೋಗಿತ್ತು.

ಹೀಗೆ ಒಮ್ಮೆ ಮೇಲೆ ಬರೆದದ್ದನ್ನು ಯಾವ ಲ್ಯಾಬೂ ಮರಳಿ ತೆಗೆಯಲಾರದು. ಅಮೆರಿಕದ ನಿಸ್ಟ್ ಸಂಸ್ಥೆ 2014ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯೂ, ಕಾಂತೀಯ ಡಿಸ್ಕಿನ ಮೇಲೆ ಒಂದೇ ಸಲ ಸೊನ್ನೆ ಬರೆದರೂ ಸಾಮಾನ್ಯವಾಗಿ ಪ್ರಯೋಗಾಲಯದ ವಿಧಾನಗಳಿಂದಲೂ ಮಾಹಿತಿ ಸಿಗುವುದಿಲ್ಲ ಎಂದಿತ್ತು. ಡಿಲೀಟ್ ಆದದ್ದಕ್ಕೂ ಕ್ವಿಕ್ ಫಾರ್ಮ್ಯಾಟ್ ಆದದ್ದಕ್ಕೂ ಇದಕ್ಕೂ ಇರುವ ಅಂತರವನ್ನು ಗ್ರಾಹಕರಿಗೆ ಸ್ಪಷ್ಟವಾಗಿ ಹೇಳುವುದು ನಮ್ಮ ಕರ್ತವ್ಯ. ಇಲ್ಲದಿದ್ದರೆ ಅವರು ಲ್ಯಾಬಿನಿಂದ ಲ್ಯಾಬಿಗೆ ಅಲೆದು ಹಣ ಕಳೆದುಕೊಳ್ಳುತ್ತಾರೆ. ಆದ್ದರಿಂದ ಉಳಿದ ಕೆಲಸಕ್ಕೆ ಕೈ ಹಾಕುವ ಮೊದಲೇ ಆ ಸಂಜೆ ಕಚೇರಿಗೆ ಹೋದೆ. “ಸರ್, ಡಿಸ್ಕ್ ಕೆಟ್ಟಿದ್ದು ಒಂದು. ಅದರ ಮೇಲೆ ನನ್ನ ಕೈಯಿಂದ ಇನ್ನೊಂದು ಹಾನಿ ಆಗಿದೆ, ಡಿ ಡ್ರೈವ್‌ನ ನಡುವಿನ ಭಾಗ ಅಳಿಸಿಹೋಗಿದೆ” ಎಂದು ಹೇಳಿದೆ. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, “ಯಾರ್ಯಾರದು ಹೋಗಿದೆ ಅನ್ನೋದು ಮೊದಲು ಹೇಳಪ್ಪ. 20ನೇ ತಾರೀಖಿನೊಳಗೆ 3ಬಿ ಹಾಕಬೇಕಾದವರದ್ದು ಮೊದಲು ನೋಡೋಣ” ಎಂದರು. 3ಬಿ ಎಂದರೆ ಜಿಎಸ್‌ಟಿಯ ತಿಂಗಳ ರಿಟರ್ನ್. ಅವರ ಆ ಮಾತಿನಿಂದ ಕೆಲಸಕ್ಕೆ ಒಂದು ಕ್ರಮ ಸಿಕ್ಕಿತು.

ಯಾವುದು ಹೋಗಿದೆ ಎಂದು ತಿಳಿಯುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಹಳೆಯ ಡಿಸ್ಕಿನ ಉಳಿದ ಭಾಗವನ್ನು ಸರಿಯಾದ ದಿಕ್ಕಿನಲ್ಲಿ ನಕಲು ಮಾಡಿ ಮುಗಿಸಿದ ಮೇಲೆ ಎಸ್‌ಎಸ್‌ಡಿಯಲ್ಲಿ ಡಿ ಡ್ರೈವ್ ಏನೂ ಆಗದಂತೆ ತೆರೆದುಕೊಂಡಿತು. ಎನ್‌ಟಿಎಫ್‌ಎಸ್ ಪದ್ಧತಿಯಲ್ಲಿ ಕಡತಗಳ ಹೆಸರು, ಗಾತ್ರ, ದಿನಾಂಕ, ಜಾಗದ ವಿವರಗಳೆಲ್ಲ ಎಂಎಫ್‌ಟಿ ಎಂಬ ಪ್ರತ್ಯೇಕ ಪಟ್ಟಿಯಲ್ಲಿರುತ್ತವೆ. ಅದು ಸಾಮಾನ್ಯವಾಗಿ ಡ್ರೈವ್ ಆರಂಭವಾಗಿ ಮೂರು ಜಿಬಿಯಷ್ಟು ಒಳಗಿನಿಂದ ಶುರುವಾಗುವುದರಿಂದ, ಕರೆಂಟ್ ಹೋಗುವ ಮೊದಲೇ ಸುರಕ್ಷಿತವಾಗಿ ಹೊಸ ಡಿಸ್ಕ್ ಸೇರಿತ್ತು. ಹೀಗಾಗಿ ಪ್ರತಿಯೊಂದು ಫೋಲ್ಡರೂ ಕಂಡಿತು, ಟ್ಯಾಲಿಯ ಐದಂಕಿಯ ಕಂಪನಿ ಫೋಲ್ಡರ್‌ಗಳೂ ಕಂಡವು, ಗಾತ್ರಗಳೂ ಸರಿಯಾಗಿದ್ದವು. ಒಂದು ಫೋಲ್ಡರಿನೊಳಗಿನ ಕಡತವನ್ನು, ಬೈಟ್‌ಗಳನ್ನು ಇದ್ದಂತೆಯೇ ತೋರಿಸುವ ಹೆಕ್ಸ್ ಎಡಿಟರಿನಲ್ಲಿ ತೆರೆದರೆ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೂ 00 00 00 ಬಿಟ್ಟರೆ ಬೇರೇನೂ ಇರಲಿಲ್ಲ. ಅದಕ್ಕೆ ತಾಗಿಕೊಂಡೇ ಇದ್ದ ಇನ್ನೊಂದು ಕಂಪನಿಯ ಕಡತ ಪೂರ್ತಿ ಚೆನ್ನಾಗಿತ್ತು. ಹೆಸರು ನೋಡಿ ‘ಎಲ್ಲ ಬಂದಿದೆ’ ಎಂದು ಡಿಸ್ಕ್ ಒಪ್ಪಿಸಿಬಿಡುವ ಅಪಾಯ ಇಂಥ ಸಂದರ್ಭದಲ್ಲಿ ತುಂಬ ದೊಡ್ಡದು.

ಮ್ಯಾಪ್ ಫೈಲನ್ನೂ ನಂಬುವಂತಿರಲಿಲ್ಲ. ಖಾಲಿ ಎಸ್‌ಎಸ್‌ಡಿಯನ್ನು ಓದಿದ್ದನ್ನೂ ಅದು ಯಶಸ್ಸೆಂದೇ ಬರೆದುಕೊಂಡಿತ್ತು. ಅದರ ಪ್ರಕಾರ ಆ 80 ಜಿಬಿ ಪೂರ್ತಿ ಸಿಕ್ಕಿದೆ. ಮ್ಯಾಪ್ ಫೈಲ್ ಸ್ಥಾನಗಳನ್ನಷ್ಟೇ ನೋಡುತ್ತದೆ, ಯಾವ ಡಿಸ್ಕ್ ಎಂದು ಪರೀಕ್ಷಿಸುವುದಿಲ್ಲ. ಕರೆಂಟ್ ಹೋಗುವ ಮೊದಲು ಪರದೆಯ ಫೋಟೊವನ್ನು ಮೊಬೈಲಿನಲ್ಲಿ ತೆಗೆದಿದ್ದರಿಂದ ತಪ್ಪು ಆರಂಭವಾದ ಸ್ಥಾನ ಅಂದಾಜಿಗೆ ಸಿಕ್ಕಿತು; ನಿಂತ ಸ್ಥಾನ ಮ್ಯಾಪ್ ಫೈಲಿನಲ್ಲೇ ಇತ್ತು. ಈ ಎರಡರ ನಡುವಿನ ಪ್ರದೇಶವನ್ನು ಮ್ಯಾಪ್ ಫೈಲಿನಲ್ಲಿ ಕೈಯಿಂದಲೇ ‘ಸಿಕ್ಕಿದೆ’ ಎಂಬ ಗುರುತಿನಿಂದ ‘ಕೆಟ್ಟಿದೆ’ ಎಂಬ ಗುರುತಿಗೆ ಬದಲಿಸಿದೆ. ಕೆಟ್ಟ ಜಾಗಗಳಿಗೆ ನಾವು ಹೇಳಿದ ಒಂದು ಪದವನ್ನು ತುಂಬುವ ಸೌಲಭ್ಯ ಡಿಡಿರೆಸ್ಕ್ಯೂನಲ್ಲೇ ಇದೆ. ಎಸ್‌ಎಸ್‌ಡಿಯ ಇನ್ನೊಂದು ನಕಲು ತೆಗೆದು, ಆ ನಕಲಿನಲ್ಲಿ ಮಾತ್ರ, ಬೇರೆಲ್ಲೂ ಬರಲಾರದ ಒಂದು ಪದವನ್ನು ತುಂಬಿಸಿ, ಆ ಪದ ಸಿಗುವ ಕಡತಗಳನ್ನೆಲ್ಲ ಹುಡುಕಿಸಿದೆ. ಹಾನಿಯಾದ ಕಡತಗಳ ನಿಖರವಾದ ಪಟ್ಟಿ ಹೀಗೆ ಸಿದ್ಧವಾಯಿತು. ಅದರಲ್ಲಿ ಕೆಲವು ವ್ಯಾಪಾರಿಗಳ ಚಾಲ್ತಿ ವರ್ಷದ ಲೆಕ್ಕವೂ ಇತ್ತು, ಅವರದೇ ಬ್ಯಾಕಪ್ ಕಡತಗಳೂ ಇದ್ದವು.

ಲೆಕ್ಕವನ್ನು ಮತ್ತೆ ಕಟ್ಟುವ ಕೆಲಸದಲ್ಲಿ ನನಗಿಂತ ಹೆಚ್ಚು ತಿಳಿದಿದ್ದವರು ಆ ಅಕ್ಕನೇ. ನೋಂದಾಯಿತ ವ್ಯಾಪಾರಿಗಳಿಗೆ ಮಾಡಿದ ಮಾರಾಟದ ಬಿಲ್ಲುಗಳು ಜಿಎಸ್‌ಟಿಆರ್-1 ಎಂಬ ಮಾರಾಟದ ರಿಟರ್ನ್‌ನಲ್ಲಿ ಒಂದೊಂದಾಗಿ ದಾಖಲಾಗಿರುವುದರಿಂದ ಅವನ್ನು ಜಿಎಸ್‌ಟಿ ಪೋರ್ಟಲ್‌ನಿಂದ ಇಳಿಸಿಕೊಂಡೆವು. ಖರೀದಿಗೆ, ಮಾರಿದವರು ತುಂಬಿದ ಬಿಲ್ಲುಗಳಿಂದ ಪೋರ್ಟಲ್ಲೇ ತಯಾರಿಸುವ 2ಬಿ ಪಟ್ಟಿ ನೆರವಾಯಿತು. ಸಿ ಡ್ರೈವ್‌ನ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಹಿಂದಿನ ತಿಂಗಳುಗಳ ಎಕ್ಸೆಲ್ ಕಡತಗಳೂ ಬ್ಯಾಂಕ್ ಸ್ಟೇಟ್‌ಮೆಂಟ್‌ಗಳೂ ಹಾಗೇ ಉಳಿದಿದ್ದವು. ಹಿಂದಿನ ವರ್ಷಗಳ ಲೆಕ್ಕ ಲೆಕ್ಕಪರಿಶೋಧನೆಗೆಂದು ಕಳಿಸಿದ್ದ ಇಮೇಲ್‌ಗಳಲ್ಲಿ ಸಿಕ್ಕಿತು. ಇದು ಮುಖ್ಯವಾಗಿತ್ತು, ಏಕೆಂದರೆ ಜಿಎಸ್‌ಟಿ ಕಾಯ್ದೆಯ ಪ್ರಕಾರ ವಾರ್ಷಿಕ ರಿಟರ್ನ್‌ನ ಗಡುವಿನಿಂದ 72 ತಿಂಗಳು ಲೆಕ್ಕಪುಸ್ತಕಗಳನ್ನು ಇಟ್ಟುಕೊಂಡಿರಬೇಕು. ಪೋರ್ಟಲ್ ಕೊಡಲಾಗದ್ದು ನಗದು ವ್ಯವಹಾರ. ಸಾಮಾನ್ಯ ಗ್ರಾಹಕರಿಗೆ ಮಾಡಿದ ಚಿಲ್ಲರೆ ಮಾರಾಟ ಅಲ್ಲಿ ಒಟ್ಟು ಮೊತ್ತವಾಗಿ ಮಾತ್ರ ಇರುತ್ತದೆ. ಕೂಲಿ, ಹಮಾಲಿ, ಬಾಡಿಗೆ ಗಾಡಿಯ ಖರ್ಚು, ಜರ್ನಲ್ ನಮೂದುಗಳು ಎಲ್ಲೂ ಇರುವುದಿಲ್ಲ. ಅವಕ್ಕಾಗಿ ವ್ಯಾಪಾರಿಗಳಿಂದ ಬಿಲ್ ಪುಸ್ತಕಗಳನ್ನೂ ವೋಚರ್ ಕಟ್ಟುಗಳನ್ನೂ ತರಿಸಿ ಮತ್ತೆ ಟೈಪ್ ಮಾಡಬೇಕಾಯಿತು.

ಟೈಪ್ ಮಾಡಲು ಇಬ್ಬರನ್ನು ಕೂಲಿಗೆ ಹಚ್ಚಿ ಅವರ ಹಣವನ್ನೂ, ಗಡುವು ಮೀರಿದ ರಿಟರ್ನ್‌ಗಳಿಗೆ ಬಿದ್ದ ದಿನಕ್ಕೆ 50 ರೂಪಾಯಿಯ ತಡಶುಲ್ಕವನ್ನೂ ನಾನೇ ಕೊಟ್ಟೆ. ಒಟ್ಟು ಖರ್ಚು ಆ ಕಚೇರಿಯಿಂದ ಬರುತ್ತಿದ್ದ ವರ್ಷದ ಎಎಂಸಿ ಹಣಕ್ಕಿಂತ ಹೆಚ್ಚಾಯಿತು. ಅಕ್ಕ ಕಳೆದುಕೊಂಡ ಭಾನುವಾರಗಳಿಗೆ ಯಾವ ಲೆಕ್ಕವೂ ಇಲ್ಲ, ಅದನ್ನು ನಾನು ತುಂಬಿಕೊಡಲಾರೆ. ಒಂದು ಬಟ್ಟೆ ಅಂಗಡಿಯ ಕೆಲವು ತಿಂಗಳ ಚಿಲ್ಲರೆ ಬಿಲ್ಲುಗಳು ಕೊನೆಗೂ ಬಿಡಿಬಿಡಿಯಾಗಿ ಸಿಗದೆ, ಮೊತ್ತವಾಗಿಯೇ ಉಳಿದವು.

ಈಗ ಕೆಟ್ಟ ಡಿಸ್ಕಿನಿಂದ ನೇರವಾಗಿ ಇನ್ನೊಂದು ಡಿಸ್ಕಿಗೆ ನಕಲು ಮಾಡುವುದನ್ನು ಬಿಟ್ಟಿದ್ದೇನೆ. ಡಿಸ್ಕಿನ ಪೂರ್ತಿ ನಕಲನ್ನು ದೊಡ್ಡ ಡಿಸ್ಕೊಂದರಲ್ಲಿ ಒಂದೇ ಇಮೇಜ್ ಕಡತವಾಗಿ ತೆಗೆದು, ಅದನ್ನು ಪರೀಕ್ಷಿಸಿದ ಮೇಲೆ ಹೊಸ ಡಿಸ್ಕಿಗೆ ಇಳಿಸುತ್ತೇನೆ. ಡಿಸ್ಕಿನ ಮೇಲೆ ನೇರವಾಗಿ ಬರೆಯಬೇಕಾದರೆ ಡಿಡಿರೆಸ್ಕ್ಯೂಗೆ ಫೋರ್ಸ್ ಎಂಬ ಸೂಚನೆಯನ್ನು ಕೊಡಲೇಬೇಕು. ಇಮೇಜ್ ಕಡತಕ್ಕೆ ಅದು ಬೇಕಿಲ್ಲ. ಹಾಗಾಗಿ ಆ ಸೂಚನೆಯನ್ನು ಟೈಪ್ ಮಾಡುವ ಅಭ್ಯಾಸವನ್ನೇ ತಪ್ಪಿಸಿದರೆ, ದಿಕ್ಕು ತಪ್ಪಿದಾಗ ತಂತ್ರಾಂಶವೇ ತಡೆಯುತ್ತದೆ. ಡಿಸ್ಕನ್ನು ಕರೆಯುವುದೂ ಎಸ್‌ಡಿಬಿ, ಎಸ್‌ಡಿಸಿ ಎಂದಲ್ಲ. ಲಿನಕ್ಸ್‌ನ ಬೈ-ಐಡಿ ಫೋಲ್ಡರಿನಲ್ಲಿ ಮಾದರಿ ಮತ್ತು ಸೀರಿಯಲ್ ನಂಬರ್ ಸೇರಿದ ಉದ್ದನೆಯ ಹೆಸರು ಇರುತ್ತದೆ, ಅದನ್ನೇ ಬಳಸುತ್ತೇನೆ. ಕೆಲವು ಡಾಕ್‌ಗಳು ಅಲ್ಲಿಯೂ ತಮ್ಮ ಹೆಸರನ್ನೇ ತೋರಿಸುವುದರಿಂದ, ಕೆಟ್ಟ ಡಿಸ್ಕನ್ನು ಸಾಧ್ಯವಾದಷ್ಟೂ ಡಾಕ್ ಬಿಟ್ಟು ನೇರ ಸಾಟಾ ಕೇಬಲ್ಲಿಗೆ ಹಾಕುತ್ತೇನೆ. ಪ್ರತಿ ಸಲ ರೀಸ್ಟಾರ್ಟ್ ಆದಾಗಲೂ ಅಂಗಡಿಯ ಹುಡುಗ ಸ್ಟಿಕ್ಕರಿನ ಮೇಲಿನ ನಂಬರನ್ನು ಗಟ್ಟಿಯಾಗಿ ಓದುತ್ತಾನೆ, ನಾನು ಪರದೆಯ ಮೇಲೆ ಹೋಲಿಸುತ್ತೇನೆ.

ಆ ಕಚೇರಿಯ ಎಎಂಸಿ ಇನ್ನೂ ನನ್ನ ಬಳಿಯೇ ಇದೆ. ಹೊಸ ಕರಾರಿನಲ್ಲಿ ಸರ್ ಒಂದು ಷರತ್ತು ಸೇರಿಸಿದರು: ಟ್ಯಾಲಿಯ ಬ್ಯಾಕಪ್ ಪ್ರತಿ ಶನಿವಾರ ಎರಡು ಬೇರೆ ಬೇರೆ ಡಿಸ್ಕ್‌ಗಳಿಗೆ ಹೋಗಬೇಕು, ಅದರಲ್ಲಿ ಒಂದು ಅವರ ಮನೆಯಲ್ಲಿರಬೇಕು, ತಿಂಗಳಿಗೊಮ್ಮೆ ಬೇರೊಂದು ಕಂಪ್ಯೂಟರಿನಲ್ಲಿ ಅದನ್ನು ರೀಸ್ಟೋರ್ ಮಾಡಿ ಅಕ್ಕನಿಗೆ ತೋರಿಸಬೇಕು. ಅಕ್ಕ ಆ ತಿಂಗಳ ಕೊನೆಯ ವೋಚರ್ ತೆರೆದು ನೋಡಿ ಸಹಿ ಹಾಕಿದ ಮೇಲೆಯೇ ನನ್ನ ಬಿಲ್ ಪಾಸಾಗುತ್ತದೆ.