ಮೊದಲು ನಂಬರು, ಆಮೇಲೆ ಬಣ್ಣ: ಒಂದು ಯೆಜ್ಡಿ ಎದ್ದು ನಿಂತ ಬಗೆ

ಅಡಿಕೆ ಸಿಪ್ಪೆಯ ರಾಶಿಯ ಪಕ್ಕದಲ್ಲಿ ಅದು ಗೋಡೆಗೆ ಒರಗಿ ನಿಂತಿತ್ತು. ಸೀಟಿನ ಹರಿದ ಭಾಗದಲ್ಲಿ ಕೋಳಿಯೊಂದು ಕಾವಿಗೆ ಕೂತಿತ್ತು. ಮೊಟ್ಟೆ ಒಡೆದು ಮರಿಯಾಗುವವರೆಗೆ ಗಾಡಿ ಕೊಡುವುದಿಲ್ಲ ಎಂದು ಮನೆಯಾಕೆ ಹೇಳಿದ್ದರಿಂದ ನಾನು ಮೂರು ವಾರ ಕಾದೆ. ಈ ಕೆಲಸದಲ್ಲಿ ನನ್ನ ತಾಳ್ಮೆಗೆ ಬಂದ ಮೊದಲ ಪರೀಕ್ಷೆ ಅದು, ಅತಿ ಸುಲಭದ್ದೂ ಅದೇ.

ಗಾಡಿ ಯೆಜ್ಡಿ 250, ಬಿ ಮಾದರಿ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜಾವಾ ಹೆಸರಿನಲ್ಲಿ ಮಾಡುತ್ತಿದ್ದ ಬೈಕೇ ಎಪ್ಪತ್ತರ ದಶಕದಲ್ಲಿ ಯೆಜ್ಡಿ ಎಂಬ ಹೆಸರು ತೊಟ್ಟಿತು. ಇದನ್ನು ಕೊಂಡಿದ್ದವರು ಮನೆಯಾಕೆಯ ತಂದೆ, ಶಾಲಾ ಮೇಷ್ಟರು. ಅವರು ತೀರಿಕೊಂಡು ಹದಿನೆಂಟು ವರ್ಷವಾಗಿತ್ತು. ಗಾಡಿ ನಿಂತದ್ದು ಅದಕ್ಕೂ ಮೊದಲು. ಕಾರ್ಬುರೇಟರ್ ಇರಲಿಲ್ಲ. ಎಡಗಡೆಯ ಸೈಲೆನ್ಸರ್, ಒಂದು ಟೂಲ್ ಬಾಕ್ಸಿನ ಮುಚ್ಚಳ, ಡೈನಮೋ ಕವರ್ ಕಾಣೆಯಾಗಿದ್ದವು. ಎಂಜಿನ್ ಜಾಮ್. ಆರ್‌ಸಿ ಎಲ್ಲಿದೆ ಎಂದು ಕೇಳಿದರೆ ಮನೆಯವರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು.

ನಾನು ಹೀಗೆ ಎತ್ತಿ ನಿಲ್ಲಿಸಲು ಹೊರಟ ಎರಡನೆಯ ಬೈಕು ಇದು. ಮೊದಲನೆಯದನ್ನು ಪೂರ್ತಿ ಬಿಚ್ಚಿ, ಚಾಸಿಗೆ ಸ್ಯಾಂಡ್ ಬ್ಲಾಸ್ಟಿಂಗ್ ಮಾಡಿಸಿ, ಹೊಳೆಯುವ ಕಪ್ಪು ಬಣ್ಣ ಬಳಿಸಿದ ಮೇಲೆ ಕಾಗದಕ್ಕೆ ಓಡಾಡಿದ್ದೆ. ಮರಳಿನ ಹೊಡೆತಕ್ಕೆ ಚಾಸಿ ನಂಬರಿನ ಕೊನೆಯ ಎರಡು ಅಂಕಿ ಮಸುಕಾಗಿದ್ದವು, ಉಳಿದದ್ದನ್ನು ಬಣ್ಣ ಮುಚ್ಚಿತ್ತು. ಆ ಗಾಡಿ ಇವತ್ತಿಗೂ ನನ್ನ ಪಡಸಾಲೆಯಲ್ಲಿ ಪೀಠೋಪಕರಣದ ಹಾಗೆ ನಿಂತಿದೆ. ಈ ಸಲ ಒಂದು ನಟ್ಟನ್ನೂ ಸಡಿಲಿಸದೆ ಮೊದಲು ನಂಬರು ಓದುವುದೆಂದು ಗಟ್ಟಿ ಮಾಡಿಕೊಂಡೆ.

ಸೀಮೆ ಎಣ್ಣೆಯಲ್ಲಿ ಅದ್ದಿದ ಬಟ್ಟೆ, ಹಳೆಯ ಹಲ್ಲುಜ್ಜುವ ಬ್ರಷ್, ಇಷ್ಟೇ ಸಲಕರಣೆ. ತಂತಿಯ ಬ್ರಷ್ ಮುಟ್ಟಲಿಲ್ಲ. ಹ್ಯಾಂಡಲಿನ ಕತ್ತಿನ ಬಳಿಯ ಚಾಸಿ ನಂಬರು, ಎಂಜಿನ್ನಿನ ಕೆಳಪೆಟ್ಟಿಗೆಯಾದ ಕ್ರ್ಯಾಂಕ್‌ಕೇಸಿನ ಮೇಲಿನ ಎಂಜಿನ್ ನಂಬರು ಎರಡೂ ನಿಧಾನವಾಗಿ ಎದ್ದು ಬಂದವು. ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜಿ ನಾಲ್ಕು ಅಚ್ಚು ತೆಗೆದುಕೊಂಡೆ. ನಂಬರ್ ಪ್ಲೇಟಿನಲ್ಲಿ ಕೆಎ ಬರುವುದಕ್ಕೆ ಮುಂಚಿನ, ಸಿಎ ಎಂದು ಶುರುವಾಗುವ ಹಳೆಯ ನೋಂದಣಿ ಇತ್ತು. ಅಂದರೆ ಗಾಡಿಯ ವಿವರ ಕಂಪ್ಯೂಟರಿನಲ್ಲಿ ಇರುವ ಸಾಧ್ಯತೆ ಕಡಿಮೆ. ಯಾವುದೋ ಆರ್‌ಟಿಒ ಕಚೇರಿಯ ಯಾವುದೋ ಕಪಾಟಿನ ದಪ್ಪ ರಿಜಿಸ್ಟರಿನಲ್ಲಿ, ಯಾರದೋ ಕೈಬರಹದಲ್ಲಿ ಇರಬೇಕು.

ಆ ರಿಜಿಸ್ಟರಿನ ಪುಟದ ದೃಢೀಕೃತ ನಕಲನ್ನೇ ನಮ್ಮಲ್ಲಿ ಬಿ ಎಕ್ಸ್‌ಟ್ರಾಕ್ಟ್ ಎನ್ನುವುದು. ಆರ್‌ಸಿ ಕಳೆದ ಗಾಡಿಗೆ ಇದೇ ಜಾತಕ. ಅರ್ಜಿ ಕೊಟ್ಟು ಐದನೆಯ ಭೇಟಿಯಲ್ಲಿ ಆ ಪುಟ ಸಿಕ್ಕಿತು: ಮೇಷ್ಟರ ಹೆಸರು, ವಿಳಾಸ, ಬಣ್ಣ ಮರೂನ್, ಸಾಲದ ನಮೂದು ಇಲ್ಲ. ಸಾಲದ ನಮೂದಿದ್ದಿದ್ದರೆ ಎಂದೋ ಮುಚ್ಚಿಹೋದ ಫೈನಾನ್ಸ್ ಸಂಸ್ಥೆಯ ಸಹಿಗಾಗಿ ಫಾರಂ 35 ಹಿಡಿದು ಅಲೆಯಬೇಕಾಗಿತ್ತು. ಆದರೆ ಚಾಸಿ ನಂಬರಿನಲ್ಲಿ ಒಂದು ಅಂಕಿ ತಾಳೆಯಾಗಲಿಲ್ಲ. ಲೋಹದ ಮೇಲೆ 8, ಪುಟದ ಮೇಲೆ 3. ಬರೆದ ಗುಮಾಸ್ತರ ಕಣ್ಣು ತಪ್ಪಿತ್ತೋ, ಇಂಕು ಹಾರಿಹೋಗಿತ್ತೋ ಗೊತ್ತಿಲ್ಲ. ಕೌಂಟರಿನವರು ಫೈಲ್ ಹಿಂದಕ್ಕೆ ತಳ್ಳಿದರು. ಅವರನ್ನು ದೂರುವಂತಿರಲಿಲ್ಲ. ಕದ್ದ ಗಾಡಿಯಲ್ಲೂ ನಂಬರು ಹೀಗೆಯೇ ಒಂದಕ್ಕೊಂದು ಹೊಂದುವುದಿಲ್ಲವಲ್ಲ.

ಹೊರಗೆ ನಿಂತಿದ್ದ ಒಬ್ಬರು ನನ್ನ ಮುಖ ನೋಡಿಯೇ ಸಂಕಟ ಊಹಿಸಿ, ಇದೇ ಮಾದರಿಯ ಗುಜರಿ ಗಾಡಿಯ ಆರ್‌ಸಿ ತಂದುಕೊಡುತ್ತೇನೆ, ನಂಬರನ್ನು ಮತ್ತೆ ಒತ್ತಿಸಿಕೊಳ್ಳಿ ಎಂದರು. ರಸ್ತೆಯಲ್ಲಿ ಓಡುವ ಎಷ್ಟೋ ಹಳೆಯ ಬೈಕುಗಳ ಹಿಂದಿನ ಗುಟ್ಟು ಇದು. ಕಾನೂನಿನ ಮಾತು ಹಾಗಿರಲಿ, ಹಾಗೆ ಮಾಡಿದರೆ ನಾನು ಎತ್ತಿ ನಿಲ್ಲಿಸಿದ್ದು ಯಾವ ಗಾಡಿಯನ್ನು?

ಬಿಡುಗಡೆ ಬಂದದ್ದು ಅಟ್ಟದಿಂದ. ಮೇಷ್ಟರು ಹಳೆಯ ಪಂಚಾಂಗಗಳನ್ನು ಎಸೆಯುತ್ತಿರಲಿಲ್ಲವಂತೆ. ಅಂಥದೊಂದರೊಳಗೆ ಮಡಚಿಟ್ಟ ವಿಮಾ ಪತ್ರ ಮಗಳಿಗೆ ಸಿಕ್ಕಿತು. ಅದರಲ್ಲಿ ಟೈಪ್ ಮಾಡಿದ ಸ್ಪಷ್ಟವಾದ 8. ಅದನ್ನೂ ಪೆನ್ಸಿಲ್ ಅಚ್ಚನ್ನೂ ಅಫಿಡವಿಟ್ಟನ್ನೂ ಸೇರಿಸಿ, ಗಾಡಿಯನ್ನು ಟೆಂಪೋದಲ್ಲಿ ಹೇರಿಕೊಂಡು ಹೋಗಿ ಇನ್‌ಸ್ಪೆಕ್ಟರಿಗೆ ತೋರಿಸಿದೆ. ಅವರು ಟಾರ್ಚು ಬಿಟ್ಟು ನಂಬರನ್ನು ಎರಡು ಸಲ ಓದಿ ತಿದ್ದುಪಡಿಗೆ ಬರೆದರು. ಉಳಿದದ್ದು ಬರೀ ಕ್ರಮ: ಪೊಲೀಸ್ ಠಾಣೆಯಲ್ಲಿ ಆರ್‌ಸಿ ಕಳೆದ ದೂರು, ನಕಲು ಆರ್‌ಸಿಗೆ ಫಾರಂ 26, ಮಾಲೀಕರು ತೀರಿಕೊಂಡಿದ್ದರಿಂದ ಮಗಳ ಹೆಸರಿಗೆ ಫಾರಂ 31, ಅವರಿಂದ ನನಗೆ 29 ಮತ್ತು 30, ಕೊನೆಗೆ ನೋಂದಣಿಯ ನವೀಕರಣಕ್ಕೆ ಫಾರಂ 25. ಈ ಕೊನೆಯದಕ್ಕೆ ಗಾಡಿ ಓಡುವ ಸ್ಥಿತಿಯಲ್ಲಿರಬೇಕು. ಹಾಗಾಗಿ ಅಲ್ಲಿಗೆ ಕಾಗದ ಬದಿಗಿಟ್ಟು ಸ್ಪ್ಯಾನರ್ ಹಿಡಿದೆ.

ನಡುವೆ ಒಂದು ಮಾತು. ಹಳೆಯ ಗಾಡಿ ಕಂಡರೆ ಸಾಕು, ವಿಂಟೇಜ್ ಎಂದು ನೋಂದಾಯಿಸಿಬಿಡಿ ಎನ್ನುವವರು ಬಹಳ. 2021ರ ಕೇಂದ್ರ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಮೂಲ ಸ್ವರೂಪ ಉಳಿದಿರಬೇಕು, ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಮೇಲಾಗಿ ಆ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ನನಗೆ ತರಕಾರಿ ತರಲು ಹೋಗುವ ಬೈಕು ಬೇಕಾಗಿತ್ತು.

ಜಾಮ್ ಆದ ಪಿಸ್ಟನ್ನನ್ನು ಸುತ್ತಿಗೆಯಿಂದ ಹೊಡೆಯಲಿಲ್ಲ. ಪ್ಲಗ್ ರಂಧ್ರದಿಂದ ಡೀಸೆಲ್ ಮತ್ತು ಗೇರ್ ಆಯಿಲ್ ಬೆರೆಸಿ ಸುರಿದು, ದಿನವೂ ಕಚೇರಿಗೆ ಹೊರಡುವ ಮುನ್ನ ಗಾಡಿಯನ್ನು ಗೇರಿನಲ್ಲಿಟ್ಟು ಹಿಂದಿನ ಚಕ್ರವನ್ನು ಮೆಲ್ಲಗೆ ಅಲುಗಿಸುತ್ತಿದ್ದೆ. ಹನ್ನೊಂದನೆಯ ದಿನ ಕಿರ್ರೆಂದು ಕದಲಿತು. ಸಿಲಿಂಡರ್ ಎತ್ತಿ ಅಳತೆ ತೆಗೆದರೆ ಮೇಷ್ಟರು ಎಷ್ಟು ಓಡಿಸಿದ್ದರೆಂದು ತಿಳಿಯಿತು. ಈ ಎಂಜಿನ್ನಿನ ಮೂಲ ಅಳತೆ ವ್ಯಾಸ 65 ಮಿಲಿಮೀಟರ್, ಸ್ಟ್ರೋಕ್ 75. ಪಿಸ್ಟನ್ನಿನ ತಲೆಯ ಮೇಲೆ 65.75 ಎಂದಿತ್ತು, ಅಂದರೆ ಸವೆದ ಸಿಲಿಂಡರನ್ನು ಕಾಲು ಮಿಲಿಮೀಟರಿನಂತೆ ಕೊರೆದು ಹಿಗ್ಗಿಸುವ (ಬೋರ್ ಮಾಡುವ) ಮೂರು ಮೆಟ್ಟಿಲು ಮುಗಿದಿದ್ದವು. ನಾನು 66.00ಕ್ಕೆ ಬೋರ್ ಮಾಡಿಸಿದೆ. ಲೆಕ್ಕ ಹಾಕಿದರೆ ಸುಮಾರು 249 ಸಿಸಿಯ ಗಾಡಿ ಈಗ 256ಕ್ಕೂ ಸ್ವಲ್ಪ ಮೇಲಿದೆ. ಆರ್‌ಸಿಗೆ ಇದು ಗೊತ್ತಿಲ್ಲ.

ಬಿಡಿಭಾಗಗಳ ಕತೆ ಬೇರೆ. ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿದೆ, ಈಗ ಸಿಗುವುದು ಹಳೆಯ ದಾಸ್ತಾನು ಅಥವಾ ನಕಲು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಎರಡು ಶನಿವಾರ ಸುತ್ತಿ ಜಿಕೋವ್ ಕಾರ್ಬುರೇಟರ್ ಹುಡುಕಿದೆ. ಸೈಲೆನ್ಸರ್ ಮೈಸೂರಿನಲ್ಲಿ ಸಿಕ್ಕಿತು. ಟೂಲ್ ಬಾಕ್ಸಿನ ಮುಚ್ಚಳವನ್ನು ತಗಡು ಕೆಲಸದವರೊಬ್ಬರು ಇನ್ನೊಂದು ಬದಿಯದನ್ನು ನೋಡಿಕೊಂಡು ಬಡಿದು ಕೊಟ್ಟರು. ಯಾವುದು ಮೂಲದ್ದು ಎಂದು ನನಗೂ ಈಗ ಗುರುತು ಹಿಡಿಯಲಾಗದು. ಹೊಸ ಭಾಗ ಕೊಳ್ಳುವಾಗ ಹಳೆಯದನ್ನು ಚೀಲದಲ್ಲಿ ಒಯ್ಯಬೇಕು. ನೆನಪಿನ ಅಳತೆ ನಂಬಿ ತಂದ ಮೂರು ವಸ್ತುಗಳು ನನ್ನ ಡಬ್ಬಿಯಲ್ಲಿ ಹಾಗೇ ಬಿದ್ದಿವೆ.

ನಾನು ನಿಜವಾಗಿ ಸೋತದ್ದು ಆಯಿಲ್ ಸೀಲಿನಲ್ಲಿ, ಅಂದರೆ ಕ್ರ್ಯಾಂಕಿನ ಎರಡು ಬದಿಯಲ್ಲಿ ಎಣ್ಣೆ, ಗಾಳಿ ನುಸುಳದಂತೆ ತಡೆಯುವ ರಬ್ಬರ್ ಬಳೆಯಲ್ಲಿ. ಎಂಜಿನ್ ಜೋಡಿಸಿ, ಗೇರ್ ಲಿವರನ್ನು ಒಳಕ್ಕೆ ಒತ್ತಿ ತಿರುಗಿಸಿ (ಈ ಗಾಡಿಯಲ್ಲಿ ಗೇರಿಗೂ ಕಿಕ್‌ಗೂ ಒಂದೇ ಲಿವರು) ಒದ್ದಾಗ ಏಳನೆಯ ಒದೆತಕ್ಕೆ ಹೊತ್ತಿಕೊಂಡಿತು. ಕುಣಿಯುವುದೊಂದು ಬಾಕಿ. ಆದರೆ ಹತ್ತು ನಿಮಿಷವಾದರೂ ಬಿಳಿ ಹೊಗೆ ನಿಲ್ಲಲಿಲ್ಲ, ಸೊಳ್ಳೆಗೆ ಹೊಗೆ ಹಾಕುವವರು ಬಂದಿದ್ದಾರೆಂದು ಪಕ್ಕದ ಮನೆಯವರು ಕಿಟಕಿ ಮುಚ್ಚಿದರು. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕ್‌ಕೇಸೂ ಒಂದು ಪಂಪು. ಪೆಟ್ರೋಲು ಮತ್ತು ಗಾಳಿಯ ಮಿಶ್ರಣವನ್ನು ಮೊದಲು ಅದು ಹೀರಿ, ಒತ್ತಿ, ಮೇಲಕ್ಕೆ ಕಳಿಸುತ್ತದೆ. ಎಡಗಡೆ ಕ್ಲಚ್ ಬದಿಯ ಸೀಲು ಸೋತರೆ ಗೇರ್ ಆಯಿಲನ್ನೇ ಹೀರಿ ಸುಡುತ್ತದೆ. ಬಲಗಡೆ ಡೈನಮೋ ಬದಿಯದು ಸೋತರೆ ಹೊರಗಿನ ಗಾಳಿ ನುಗ್ಗಿ ಎಂಜಿನ್ ತಾನಾಗಿ ಅಬ್ಬರಿಸುತ್ತದೆ, ಕಾಯುತ್ತದೆ, ಮತ್ತೆ ಜಾಮ್ ಆಗುತ್ತದೆ. ನಾನು ತಂದಿದ್ದ ಅಗ್ಗದ ಸೀಲಿನ ತುಟಿ ಉಗುರಿನಷ್ಟು ಗಟ್ಟಿಯಾಗಿತ್ತು.

ಎರಡನೆಯ ಸಲ ಬಿಚ್ಚಿ ಕಟ್ಟಿದಾಗ ಒಬ್ಬ ಹಳೆಯ ಮೆಕ್ಯಾನಿಕ್ ಹೇಳಿಕೊಟ್ಟ ಉಪಾಯ ಮಾಡಿದೆ. ಅಪ್ಪನ ರಕ್ತದೊತ್ತಡ ನೋಡುವ ಯಂತ್ರದ ರಬ್ಬರ್ ಬುರುಡೆ ಮತ್ತು ಮೀಟರನ್ನು ಇನ್‌ಲೆಟ್ಟಿಗೆ ಸಿಕ್ಕಿಸಿ, ಎರಡೂ ಎಗ್ಸಾಸ್ಟ್ ಬಾಯಿಗಳಿಗೆ ರಬ್ಬರ್ ಬಿರಡೆ ಜಡಿದು, ಮುಳ್ಳು 250ಕ್ಕೆ ಬರುವಷ್ಟು ಗಾಳಿ ಊದಿದೆ. ಆಮೇಲೆ ಜೋಡಣೆಗಳಿಗೆಲ್ಲ ಸೋಪಿನ ನೀರು ಬಳಿದೆ. ಸಿಲಿಂಡರಿನ ಬುಡದ ಪ್ಯಾಕಿಂಗಿನಲ್ಲಿ ಸಣ್ಣ ಗುಳ್ಳೆಗಳ ಸಾಲು ಎದ್ದಿತು, ಸರಿಪಡಿಸಿದೆ. ಸೀಲುಗಳು ಗಾಳಿ ಹಿಡಿದು ನಿಂತವು. ಅಪ್ಪ ತಮ್ಮ ಒತ್ತಡಕ್ಕಿಂತ ಎಂಜಿನ್ನಿನ ಒತ್ತಡವನ್ನೇ ಹೆಚ್ಚು ಆಸಕ್ತಿಯಿಂದ ನೋಡುತ್ತಿದ್ದರು.

ಟ್ಯಾಂಕಿನ ತುಕ್ಕನ್ನು ಸಿಟ್ರಿಕ್ ಆಮ್ಲದ ನೀರು ಎರಡು ದಿನದಲ್ಲಿ ತೆಗೆಯಿತು. 12 ವೋಲ್ಟಿಗೆ ಬದಲಿಸಿ ಎಂದು ಎಲ್ಲರೂ ಹೇಳಿದರೂ 6 ವೋಲ್ಟ್ ಡೈನಮೋವನ್ನೇ ಉಳಿಸಿಕೊಂಡೆ. ರಾತ್ರಿ ದೀಪ ಸಾಲದು, ನಿಜ, ನಾನು ರಾತ್ರಿ ಹೊರಡುವುದಿಲ್ಲ. ಬಣ್ಣ ಕಟ್ಟಕಡೆಗೆ. ಮೇಲಿನ ನೀಲಿ ಕೆರೆದರೆ ಕಪ್ಪು, ಅದರಡಿ ಮರೂನ್. ಪುಟದಲ್ಲಿ ಬರೆದದ್ದೂ ಅದೇ. ನಂಬರಿನ ಜಾಗಕ್ಕೆ ಟೇಪ್ ಅಂಟಿಸಿ, ಬಣ್ಣದವರ ಪಕ್ಕದಲ್ಲೇ ಇಡೀ ಮಧ್ಯಾಹ್ನ ನಿಂತಿದ್ದೆ. ಅವರಿಗೆ ಸಿಟ್ಟು ಬಂದಿರಬೇಕು.

ನವೀಕರಣದ ದಿನ ಇನ್‌ಸ್ಪೆಕ್ಟರ್ ಹಾರ್ನ್, ಬ್ರೇಕ್ ದೀಪ ನೋಡಿ, ಮತ್ತೊಮ್ಮೆ ಟಾರ್ಚು ಬಿಟ್ಟು ಆ 8ನ್ನು ಓದಿ, ಐದು ವರ್ಷಕ್ಕೆ ಸಹಿ ಹಾಕಿದರು. ಮೇಷ್ಟರ ಮನೆಗೆ ಓಡಿಸಿಕೊಂಡು ಹೋದೆ. ಮಗಳು ಗಾಡಿಯನ್ನು ಒಂದು ಸುತ್ತು ನೋಡಿ, ಮುಳ್ಳು ಯಾಕೆ ಸೊನ್ನೆಯಲ್ಲೇ ಇದೆ ಎಂದು ಕೇಳಿದರು. ಸ್ಪೀಡೋಮೀಟರ್ ಕೇಬಲ್ ಸಿಕ್ಕಿದೆ, ಅದನ್ನು ತಿರುಗಿಸುವ ಪುಟ್ಟ ಗೇರು ಇನ್ನೂ ಸಿಕ್ಕಿಲ್ಲ. ಬರುವ ಶನಿವಾರ ಮತ್ತೆ ಜೆ.ಸಿ. ರಸ್ತೆ.