ಸೈಕಲ್ ಹೆಡ್‌ಲೈಟ್ ಕೊಳ್ಳುವಾಗ ಲುಮೆನ್ ಒಂದನ್ನೇ ನೋಡಬೇಡಿ

ನಂದಿಬೆಟ್ಟದಲ್ಲಿ ಸೂರ್ಯೋದಯ ನೋಡಬೇಕು ಅಂತ ಬೆಂಗಳೂರಿನಿಂದ ಸೈಕಲ್ ತುಳಿಯುವವರು ಕತ್ತಲಲ್ಲೇ ಮನೆ ಬಿಡುತ್ತಾರೆ. ಹೆದ್ದಾರಿ ಬಿಟ್ಟು ಹಳ್ಳಿದಾರಿ ಹಿಡಿದ ಮೇಲೆ ಹೆಡ್‌ಲೈಟೇ ಗತಿ. ಬಣ್ಣ ಬಳಿಯದ ಹಂಪ್ ಇರುತ್ತದೆ, ರಸ್ತೆ ಮಧ್ಯೆ ನಾಯಿ ಮಲಗಿರುತ್ತದೆ. ಸುಗ್ಗಿ ಕಾಲದಲ್ಲಿ ಒಕ್ಕಣೆಗೆಂದು ರಾಗಿ, ಹುರುಳಿ ಹರಡಿರುತ್ತಾರೆ. ಅದರ ಮೇಲೆ ಚಕ್ರ ಹತ್ತಿದರೆ ಜಾರುವುದು ಗ್ಯಾರಂಟಿ.

ಮೊದಲು ನಿಮ್ಮ ವೇಗ ನೋಡಿ

ಇಳಿಜಾರಿನಲ್ಲಿ ಗಂಟೆಗೆ 36 ಕಿ.ಮೀ. ಸುಲಭವಾಗಿ ದಾಟುತ್ತದೆ. ಅಂದರೆ ಸೆಕೆಂಡಿಗೆ 10 ಮೀಟರ್. ಗುಂಡಿ ಕಂಡು ಬ್ರೇಕ್ ಹಿಡಿಯುವಷ್ಟರಲ್ಲೇ ಒಂದು ಸೆಕೆಂಡ್ ಹೋಗಿರುತ್ತದೆ. ಒಣ ರಸ್ತೆಯಲ್ಲೂ ನಿಲ್ಲಲು ಇನ್ನೊಂದು 12 ಮೀಟರ್ ಬೇಕು. ಹಾಗಾಗಿ ಕಡಿಮೆ ಅಂದ್ರೂ 25 ಮೀಟರ್ ದೂರ ಚೆನ್ನಾಗಿ ಕಾಣಬೇಕು. ಬೀದಿದೀಪ ಇರುವ ಊರೊಳಗೆ 200 ಲುಮೆನ್ ಸಾಕು. ಕಗ್ಗತ್ತಲ ರಸ್ತೆಗೆ 400ರಿಂದ 600, ಬೆಟ್ಟದ ಇಳಿಜಾರಿಗೆ 800 ಇಟ್ಟುಕೊಳ್ಳಿ.

ಬೆಳಕು ಎಲ್ಲಿ ಬೀಳುತ್ತದೆ?

ಲುಮೆನ್ ಅಂದರೆ ದೀಪದಿಂದ ಹೊರಬರುವ ಒಟ್ಟು ಬೆಳಕು. ಅದು ರಸ್ತೆ ಮೇಲೇ ಬೀಳುತ್ತದೆ ಅಂತೇನಿಲ್ಲ. ಟಾರ್ಚ್‌ನಂತೆ ದುಂಡಗೆ ಚೆಲ್ಲುವ ದೀಪದ ಬೆಳಕಿನಲ್ಲಿ ಒಂದು ಪಾಲು ಮರದ ಕೊಂಬೆಗೆ, ಇನ್ನೊಂದು ಪಾಲು ಎದುರು ಬರುವವರ ಕಣ್ಣಿಗೆ. ಕಣ್ಣು ಕುಕ್ಕಿದ ಬೈಕಿನವನು ನಿಮ್ಮ ಮೇಲೇ ಬರಬಹುದು, ಅಲ್ವಾ?

ಜರ್ಮನಿಯ ರಸ್ತೆ ನಿಯಮಕ್ಕೆ ಹೊಂದುವ ದೀಪಗಳಲ್ಲಿ ಬೆಳಕಿನ ಮೇಲಂಚು ಗೆರೆ ಎಳೆದಂತೆ ಕತ್ತರಿಸಿರುತ್ತದೆ. ಪೆಟ್ಟಿಗೆ ಮೇಲೆ ಎಸ್‌ಟಿವಿಝಡ್‌ಒ ಎಂದಿದ್ದರೆ ಅದೇ. ನನ್ನನ್ನು ಕೇಳಿದರೆ, ಎದುರು ವಾಹನ ಬರುವ ರಸ್ತೆಗೆ ಇಂಥ 400 ಲುಮೆನ್ ದೀಪ, 1000 ಲುಮೆನ್‌ನ ದುಂಡು ದೀಪಕ್ಕಿಂತ ವಾಸಿ. ಅಂಗಡಿಯಲ್ಲೇ ಗೋಡೆ ಮೇಲೆ ಬಿಟ್ಟು ನೋಡಿ. ನಡುವೆ ಮಾತ್ರ ಚುಕ್ಕಿಯಂತೆ ಉರಿದು ಸುತ್ತ ಕತ್ತಲಿದ್ದರೆ ಬೇಡ.

ಬ್ಯಾಟರಿ ಲೆಕ್ಕ ನೀವೇ ಹಾಕಿ

ಹೆಚ್ಚಿನ ದೀಪಗಳಲ್ಲಿ 18650 ಎಂಬ ಲಿಥಿಯಂ ಸೆಲ್ ಇರುತ್ತದೆ. 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ. ಸೆಲ್‌ನಲ್ಲಿ ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬುದರ ಅಳತೆ ಎಂಎಎಚ್. ಒಳ್ಳೆಯ ಸೆಲ್‌ಗಳು ಸಾಮಾನ್ಯವಾಗಿ 2500ರಿಂದ 3500 ಎಂಎಎಚ್ ಇರುತ್ತವೆ. ಒಂದೇ ಸೆಲ್ ಮೇಲೆ 9900 ಅಂತ ಬರೆದಿದ್ದರೆ ಅದು ಸುಳ್ಳು, ಸುಮ್ನೆ ವಾಪಸ್ ಇಟ್ಟುಬಿಡಿ.

3000 ಎಂಎಎಚ್ ಸೆಲ್ ಅಂದರೆ ಸುಮಾರು 11 ವ್ಯಾಟ್-ಅವರ್, ಅಂದರೆ ಒಂದು ವ್ಯಾಟ್ ದೀಪ 11 ಗಂಟೆ ಉರಿಯುವಷ್ಟು ಶಕ್ತಿ. ಒಂದು ವ್ಯಾಟ್‌ಗೆ ಅಂದಾಜು 100 ಲುಮೆನ್ ಸಿಗುತ್ತದೆ ಎಂದುಕೊಳ್ಳಿ. 400 ಲುಮೆನ್‌ನಲ್ಲಿ ಎರಡೂವರೆ ಗಂಟೆ, 1000 ಲುಮೆನ್‌ನಲ್ಲಿ ಒಂದು ಗಂಟೆ ಚಿಲ್ಲರೆ. ಅದೇ ಒಂದು ಸೆಲ್‌ಗೆ ಕಂಪನಿ ‘1000 ಲುಮೆನ್, 6 ಗಂಟೆ’ ಎಂದರೆ ನಂಬಬೇಡಿ. ಟಾರ್ಚ್‌ನಂಥ ದೀಪಗಳನ್ನು ಅಳೆಯುವ ಎಎನ್‌ಎಸ್‌ಐ ಎಫ್‌ಎಲ್1 ಮಾನದಂಡದಲ್ಲೂ ಬೆಳಕು ಶೇ 10ಕ್ಕೆ ಇಳಿಯುವವರೆಗಿನ ಹೊತ್ತೆಲ್ಲ ಲೆಕ್ಕಕ್ಕೆ ಬರುತ್ತದೆ. ಕೊನೆಯ ಒಂದು ಗಂಟೆ ಮಿಣುಕು ದೀಪವಾಗಿದ್ದರೂ ಕಾಗದದ ಮೇಲೆ ಅದು ‘ಉರಿದ’ ಹೊತ್ತೇ!

ಗಡುವಿನೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿಗೆ ಬಿಆರ್‌ಎಂ ಎನ್ನುತ್ತಾರೆ. 400 ಕಿ.ಮೀ. ಬಿಆರ್‌ಎಂಗೆ ಹೋಗುವವರಿಗೆ 27 ಗಂಟೆ ಗಡುವು. ಇಡೀ ರಾತ್ರಿ ತುಳಿಯಬೇಕು. ಅಂಥವರು ಸೆಲ್ ಬದಲಿಸಬಹುದಾದ ದೀಪವನ್ನೇ ಕೊಳ್ಳಿ. ಇಲ್ಲವೇ ಪವರ್ ಬ್ಯಾಂಕ್‌ಗೆ ಸಿಕ್ಕಿಸಿದಾಗಲೂ ಉರಿಯುತ್ತದೆಯೇ ಎಂದು ಕೇಳಿ. ಚಾರ್ಜ್ ಆಗುವಾಗ ಆರಿಹೋಗುವ ದೀಪಗಳೂ ಇವೆ.

ದೀಪ ನೀರನ್ನು ಎಷ್ಟು ತಡೆಯುತ್ತದೆ ಎಂಬುದನ್ನು ಐಪಿಎಕ್ಸ್ ಅಂಕಿ ಹೇಳುತ್ತದೆ. ಮಳೆಗೆ ಕನಿಷ್ಠ ಐಪಿಎಕ್ಸ್4 ಇರಲಿ. ಮಲೆನಾಡಿನವರು ಐಪಿಎಕ್ಸ್6 ನೋಡಿ. ಕ್ಲಾಂಪ್ ನಿಮ್ಮ ಹ್ಯಾಂಡಲ್‌ಗೆ ಕೂರುತ್ತದೆಯೇ ಎಂದು ಅಲ್ಲೇ ಹಾಕಿ ನೋಡಿ. ಹ್ಯಾಂಡಲ್‌ನ ನಡುಭಾಗ 25.4 ಮಿ.ಮೀ. ಇರಬಹುದು, 31.8 ಕೂಡ ಇರಬಹುದು.

ಕೂರಿಸಿದ ಮೇಲೆ

ಗೋಡೆಯಿಂದ 5 ಮೀಟರ್ ದೂರದಲ್ಲಿ ಸೈಕಲ್ ನೇರವಾಗಿ ನಿಲ್ಲಿಸಿ. ದೀಪ ನೆಲದಿಂದ ಒಂದು ಮೀಟರ್ ಎತ್ತರದಲ್ಲಿದ್ದರೆ, ಬೆಳಕಿನ ನಡುಭಾಗ ಗೋಡೆಯ ಮೇಲೆ 75 ಸೆಂ.ಮೀ. ಎತ್ತರಕ್ಕೆ ಬೀಳಬೇಕು. ಆಗ ರಸ್ತೆಯಲ್ಲಿ ಅದು 20 ಮೀಟರ್ ಮುಂದೆ ಬೀಳುತ್ತದೆ, ಅದರಾಚೆಗೂ ಒಂದಿಷ್ಟು ಹರಡುತ್ತದೆ. ಅಲ್ಲಿಗೆ ಸ್ಕ್ರೂ ಬಿಗಿ ಮಾಡಿ. ಕತ್ತಲ ದಾರಿಯಲ್ಲಿ ಮುಂದಿನ ದೀಪವನ್ನು ಮಿನುಗುವ ಮೋಡ್‌ಗೆ ಹಾಕಬೇಡಿ. ನಿಮಗೆ ಗುಂಡಿ ಕಾಣುವುದಿಲ್ಲ, ಎದುರಿನವರಿಗೆ ನೀವೆಷ್ಟು ದೂರದಲ್ಲಿದ್ದೀರಿ ಎಂಬ ಅಂದಾಜೂ ಸಿಗುವುದಿಲ್ಲ.