ಹಳೆಯ ಫೋರ್‌ವೀಲ್ ಗಾಡಿಗೆ ಯಾವ ಎಂಜಿನ್ ಆಯಿಲ್?

ಡಬ್ಬ ಆರಿಸುವ ಮೊದಲು ಎಂಜಿನ್ ನೋಡಿ. ಗಾಡಿಯ ಕೈಪಿಡಿ ಹೇಳುವುದು ಹೊಸ ಎಂಜಿನ್‌ನ ಮಾತು. ಇಪ್ಪತ್ತೈದು ಮೂವತ್ತು ವರ್ಷ ಕಲ್ಲು ಹಳ್ಳ ಹತ್ತಿಳಿದ ಎಂಜಿನ್ ಅಷ್ಟೇ ಬಿಗಿಯಾಗಿ ಉಳಿದಿರುವುದಿಲ್ಲ. ಹಾಗೆಂದು ಕೈಪಿಡಿಯನ್ನು ಬದಿಗಿಡಬೇಡಿ, ಅದರಲ್ಲಿರುವ ಗ್ರೇಡ್‌ನಿಂದಲೇ (15ಡಬ್ಲ್ಯು-40ರಂಥ ಮಂದತೆಯ ಗುರುತು) ಶುರು ಮಾಡಿ. ಅದನ್ನು ಬದಲಿಸಬೇಕೇ ಬೇಡವೇ ಎಂದು ತೀರ್ಮಾನಿಸಲು ಮೂರು ವಿಷಯ ಗೊತ್ತಿರಬೇಕು: ಎಂಜಿನ್ ಚೆನ್ನಾಗಿ ಕಾದಾಗ ಆಯಿಲ್ ಪ್ರೆಶರ್ ಎಷ್ಟು, ಸಾವಿರ ಕಿಲೋಮೀಟರ್‌ಗೆ ಎಷ್ಟು ಆಯಿಲ್ ಕುಡಿಯುತ್ತದೆ, ಕ್ಯಾಮ್‌ಗೆ (ವಾಲ್ವ್ ತೆರೆಸುವ ತಿರುಗುವ ಉಬ್ಬು) ತಾಗುವ ಟ್ಯಾಪೆಟ್ (ಆ ತಳ್ಳಿಕೆಯನ್ನು ವಾಲ್ವ್ ಕಡೆಗೆ ದಾಟಿಸುವ ತುಂಡು) ಚಪ್ಪಟೆಯದೋ ರೋಲರ್ ಇರುವುದೋ.

ಪ್ರೆಶರ್ ನೋಡಲು ಡ್ಯಾಶ್‌ಬೋರ್ಡಿನ ಮುಳ್ಳನ್ನು ನಂಬಬೇಡಿ, ಹಳೆ ಗಾಡಿಗಳಲ್ಲಿ ಅದು ಅಂದಾಜಿಗಷ್ಟೇ. ಬ್ಲಾಕ್‌ನಲ್ಲಿರುವ ಪ್ರೆಶರ್ ಸೆಂಡರ್ (ಆ ಮುಳ್ಳಿಗೆ ಸುದ್ದಿ ಕಳಿಸುವ ಸೆನ್ಸರ್) ಬಿಚ್ಚಿ, ಅದೇ ತೂತಿಗೆ ಮೆಕ್ಯಾನಿಕಲ್ ಗೇಜ್ ಕೂರಿಸಿ. ಅರ್ಧ ಗಂಟೆ ಓಡಿಸಿ ಬಂದ ಮೇಲೆ ಐಡಲ್‌ನಲ್ಲಿ ಒಮ್ಮೆ, 2000 ಆರ್‌ಪಿಎಂನಲ್ಲಿ ಒಮ್ಮೆ ಓದಿ. ವರ್ಕ್‌ಶಾಪ್ ಮ್ಯಾನುಯಲ್‌ನಲ್ಲಿ ಅಂಕಿ ಇದ್ದರೆ ಅದೇ ಅಂತಿಮ. ಇಲ್ಲದಿದ್ದರೆ ಸಾವಿರ ಆರ್‌ಪಿಎಂಗೆ 10 ಪಿಎಸ್‌ಐ ಎಂಬ ಗ್ಯಾರೇಜ್ ಲೆಕ್ಕ ಸಾಕು. ಅದಕ್ಕಿಂತ ಕಡಿಮೆ ಬಂದರೆ ತಕ್ಷಣ ಮಂದ ಆಯಿಲ್ ಸುರಿಯಬೇಡಿ. ಮೊದಲು ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಮೂಸಿ ನೋಡಿ. ಡೀಸೆಲ್ ಅಥವಾ ಪೆಟ್ರೋಲ್ ವಾಸನೆ ಹೊಡೆದರೆ ಇಂಧನ ಸೇರಿ ಆಯಿಲ್ ತೆಳುವಾಗಿದೆ ಎಂದರ್ಥ. ಆಮೇಲೆ ಹೆಚ್ಚಿನ ಪ್ರೆಶರ್ ಬಿಟ್ಟುಕೊಡುವ ರಿಲೀಫ್ ವಾಲ್ವ್‌ನ ಸ್ಪ್ರಿಂಗ್, ಚೇಂಬರ್‌ನೊಳಗೆ (ಎಂಜಿನ್ ಅಡಿಯ ಆಯಿಲ್ ತೊಟ್ಟಿ) ಪಂಪ್ ಆಯಿಲ್ ಎಳೆಯುವ ಪಿಕಪ್ ಜಾಲರಿ, ಕೊನೆಗೆ ಬೇರಿಂಗ್ ನೋಡಿ. ಮಂದ ಆಯಿಲ್ ಹಾಕಿದರೆ ಮುಳ್ಳು ಮೇಲೇರುವುದು ನಿಜ, ಆದರೆ ಪ್ರೆಶರ್ ಎಂದರೆ ಹರಿವಿಗೆ ಎದುರಾಗುವ ತಡೆ. ಬೇರಿಂಗ್‌ಗೆ ಬೇಕಾದದ್ದು ಹರಿವು.

ಈಗ ಡಬ್ಬದ ಮೇಲಿನ ಅಂಕಿ. 15ಡಬ್ಲ್ಯು-40ರಲ್ಲಿ ಡಬ್ಲ್ಯು ಜೊತೆಗಿರುವುದು ಚಳಿಯಲ್ಲಿನ ನಡತೆ. ಮೈನಸ್ 25 ಡಿಗ್ರಿಯವರೆಗೂ 15ಡಬ್ಲ್ಯು ಆಯಿಲ್ ಪಂಪ್‌ಗೆ ಎಳೆಯಲು ಬರಬೇಕು, 20ಡಬ್ಲ್ಯುಗೆ ಆ ಮಿತಿ ಮೈನಸ್ 20. ಎರಡನೆಯ ಅಂಕಿ 100 ಡಿಗ್ರಿಯಲ್ಲಿನ ಮಂದತೆ: 30 ಎಂದರೆ 9.3ರಿಂದ 12.5 ಸೆಂಟಿಸ್ಟೋಕ್ಸ್, 40 ಎಂದರೆ 12.5ರಿಂದ 16.3, 50 ಎಂದರೆ 16.3ರಿಂದ 21.9. ಡಬ್ಬದ ಮೇಲೆ ಇಲ್ಲದ ಇನ್ನೊಂದು ಅಂಕಿ ಹಳೆ ಎಂಜಿನ್‌ಗೆ ಇವೆರಡಕ್ಕಿಂತ ಮುಖ್ಯ. 150 ಡಿಗ್ರಿಯಲ್ಲಿ, ಬೇರಿಂಗ್‌ನೊಳಗೆ ಅರೆಯುವಾಗ ಆಯಿಲ್ ಎಷ್ಟು ಮಂದವಾಗಿ ಉಳಿಯುತ್ತದೆ ಎಂಬುದನ್ನು ಎಚ್‌ಟಿಎಚ್‌ಎಸ್ ಎಂದು ಅಳೆಯುತ್ತಾರೆ. 15ಡಬ್ಲ್ಯು-40ಕ್ಕೆ ಅದು ಕನಿಷ್ಠ 3.7 ಇರಲೇಬೇಕು, 5ಡಬ್ಲ್ಯು-40 ಮತ್ತು 10ಡಬ್ಲ್ಯು-40ಕ್ಕೆ 3.5. 30 ಗ್ರೇಡ್‌ಗೆ 2.9 ಇದ್ದರೂ ನಡೆಯುತ್ತದೆ. ಈ ವಿವರ ಕಂಪನಿಯ ಡೇಟಾ ಶೀಟ್‌ನಲ್ಲಿ ಸಿಗುತ್ತದೆ. ಸವೆದ ಬೇರಿಂಗ್ ಇರುವ ಎಂಜಿನ್‌ಗೆ 3.5ಕ್ಕಿಂತ ಕೆಳಗಿನದು ಬೇಡ.

ಹೀಗಾಗಿ ಹೆಚ್ಚಿನ ಹಳೆ ಡೀಸೆಲ್ ಎಂಜಿನ್‌ಗಳ ವಿಚಾರ 15ಡಬ್ಲ್ಯು-40ರಲ್ಲೇ ಮುಗಿಯುತ್ತದೆ. ಬೆಳಗಿನ ಚಳಿ ಮೈನಸ್ 15ರಿಂದ ಕೆಳಗಿಳಿಯುವ ಕಡೆ 5ಡಬ್ಲ್ಯು-40 ಒಳ್ಳೆಯದು. ಸೆಕೆ ನಾಡಿನಲ್ಲಿ, ಎಂಜಿನ್ ಆಯಿಲ್ ಕುಡಿಯುತ್ತಿದ್ದು ಬಿಸಿಯಾದಾಗ ಪ್ರೆಶರ್ ಅಂಚಿಗೆ ಬರುತ್ತಿದ್ದರೆ 20ಡಬ್ಲ್ಯು-50. ಒಂದು ಮೆಟ್ಟಿಲು ಸಾಕು, ಅದರ ಮೇಲೆ ಹೋಗಬೇಕೆನಿಸಿದರೆ ರಿಪೇರಿಗೇ ಹಣ ಕೂಡಿಡಿ.

ಅಕ್ಷರಗಳ ವಿಷಯದಲ್ಲಿ ಜನ ಹೆಚ್ಚು ಎಡವುತ್ತಾರೆ. ಡಬ್ಬದ ಮೇಲಿನ ಎಪಿಐ (ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್) ದರ್ಜೆಯ ಗುರುತಿನಲ್ಲಿ ಸಿ ಅಕ್ಷರ ಡೀಸೆಲ್‌ಗೆ, ಎಸ್ ಪೆಟ್ರೋಲ್‌ಗೆ. ಕೈಪಿಡಿಯಲ್ಲಿ ಸಿಡಿ ಅಥವಾ ಸಿಎಫ್-4 ಎಂದಿದ್ದರೆ ಇಂದಿನ ಸಿಐ-4 ಧಾರಾಳವಾಗಿ ಆಗುತ್ತದೆ. ಸಿಕೆ-4 ಕೂಡ ಹಿಂದಿನ ಡೀಸೆಲ್ ದರ್ಜೆಗಳಿಗೆ ಬದಲಿಯಾಗಿ ಬರುತ್ತದೆ, ಆದರೆ ಅದನ್ನು ರೂಪಿಸಿದ್ದು ಸೈಲೆನ್ಸರ್‌ನಲ್ಲಿ ಮಸಿ ಸೋಸುವ ಫಿಲ್ಟರ್ ಇರುವ ಗಾಡಿಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು. ಹಾಗಾಗಿ ಅದರಲ್ಲಿ ಬೂದಿಗೂ ರಂಜಕಕ್ಕೂ ಮಿತಿಯಿದೆ. ಆ ಫಿಲ್ಟರೇ ಇಲ್ಲದ ಹಳೆ ಗಾಡಿಗೆ, ಅದರಲ್ಲೂ ಗಂಧಕ ಹೆಚ್ಚಿರುವ ಡೀಸೆಲ್ ಸಿಗುವ ಕಡೆ, ಸಿಐ-4ರ ಆಮ್ಲ ತಡೆಯುವ ಶಕ್ತಿಯೇ ಲಾಭ. ಡೇಟಾ ಶೀಟ್‌ನಲ್ಲಿ ಟಿಬಿಎನ್ (ಆ ಶಕ್ತಿಯ ಅಳತೆ) 10ರ ಆಸುಪಾಸು ಇದ್ದರೆ ಸರಿ. ಎಫ್‌ಎ-4 ಎಂದು ಬರೆದ ಡಬ್ಬವನ್ನು ಮಾತ್ರ ಮುಟ್ಟಬೇಡಿ. ಅದೂ ಡೀಸೆಲ್ ಆಯಿಲೇ, ಆದರೆ ಎಚ್‌ಟಿಎಚ್‌ಎಸ್ 2.9ರಿಂದ 3.2ರೊಳಗೆ.

ಹಳೆ ಪೆಟ್ರೋಲ್ ಎಂಜಿನ್‌ಗೆ ಟ್ಯಾಪೆಟ್ ನೋಡಿ ಆರಿಸಿ. ಚಪ್ಪಟೆ ಟ್ಯಾಪೆಟ್ ಕ್ಯಾಮ್ ಮೇಲೆ ಉಜ್ಜುತ್ತಾ ಸಾಗುತ್ತದೆ. ಆ ಒತ್ತಡದಲ್ಲಿ ಆಯಿಲ್ ಪದರ ಹರಿದಾಗ ಲೋಹ ಉಳಿಸುವುದು ಝಡ್‌ಡಿಡಿಪಿ ಎಂಬ ಸತು-ರಂಜಕದ ಸೇರ್ಪಡೆ. ಎಸ್‌ಎನ್, ಎಸ್‌ಪಿ ದರ್ಜೆಯ 5ಡಬ್ಲ್ಯು-30ರಂಥ ತೆಳು ಆಯಿಲ್‌ಗಳಲ್ಲಿ ರಂಜಕ 800 ಪಿಪಿಎಂ ದಾಟುವಂತಿಲ್ಲ, ರಂಜಕ ಹೆಚ್ಚಾದರೆ ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗುತ್ತದೆ. ಕನ್ವರ್ಟರ್ ಇಲ್ಲದ ಗಾಡಿಗೆ ಸಿಐ-4/ಎಸ್‌ಎಲ್ ಎಂದು ಎರಡೂ ಗುರುತಿರುವ 15ಡಬ್ಲ್ಯು-40 ಹಾಕಿ, ಬಹುತೇಕ ಅಂಥವುಗಳಲ್ಲಿ ರಂಜಕ 1000 ಪಿಪಿಎಂ ಮೇಲೇ ಇರುತ್ತದೆ. ಪ್ರತ್ಯೇಕ ಝಡ್‌ಡಿಡಿಪಿ ಶೀಶೆ ತಂದು ಅಳತೆಯಿಲ್ಲದೆ ಸುರಿಯುವುದು ಬೇಡ. ವಾಲ್ವ್ ಗ್ಯಾಪ್ ಸೆಟ್ ಮಾಡಿದ ಸ್ವಲ್ಪ ದಿನಕ್ಕೇ ಒಂದೇ ವಾಲ್ವ್ ಮತ್ತೆ ಟಕಟಕ ಎಂದರೆ ಆ ಕ್ಯಾಮ್ ಸವೆದುಹೋಗಿದೆ, ಯಾವ ಆಯಿಲ್ ಹಾಕಿದರೂ ಅದು ಮರಳಿ ಬರುವುದಿಲ್ಲ.

ಸಿಂಥೆಟಿಕ್ ಬೇಕೇ? ಟರ್ಬೊ ಇದ್ದರೆ ಉಪಯೋಗವಿದೆ, ಬಿಸಿ ಟರ್ಬೊ ಬೇರಿಂಗ್‌ನಲ್ಲಿ ಮಿನರಲ್ ಆಯಿಲ್ ಬೇಗ ಸುಟ್ಟು ಕರಿಗಟ್ಟುತ್ತದೆ. ಟರ್ಬೊ ಇಲ್ಲದ ನಿಧಾನದ ಡೀಸೆಲ್‌ಗೆ ಒಳ್ಳೆ ಮಿನರಲ್ ಹಾಕಿ, ಬೇಗ ಬೇಗ ಬದಲಿಸಿ. ಸಿಂಥೆಟಿಕ್ ಹಾಕಿದ ಮೇಲೆ ಸೋರಿಕೆ ಶುರುವಾಯಿತು ಎಂಬ ದೂರಿನಲ್ಲಿ ಅರ್ಧ ಸತ್ಯವಿದೆ. ಸೀಲ್ ಮೊದಲೇ ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತದೆ, ಬಿರುಕಿಗೆ ಅಡ್ಡ ಕೂತ ಗಸಿಯನ್ನು ಹೊಸ ಆಯಿಲ್ ತೊಳೆದು ತೆಗೆಯುತ್ತದೆ. ಆಯಿಲ್ ಮುಚ್ಚಳದ ಕೆಳಗೆ ದಪ್ಪ ಕರಿ ಗಸಿ ಕಂಡರೆ ಫ್ಲಶ್ (ಎಂಜಿನ್ ಒಳಗೆ ತೊಳೆಯುವ ದ್ರವ) ಹಾಕಲೇಬೇಡಿ, ಕಿತ್ತುಬಂದ ಗಸಿ ಪಿಕಪ್ ಜಾಲರಿ ಕಟ್ಟಿಸುತ್ತದೆ. 1000 ಕಿಲೋಮೀಟರ್‌ಗೊಮ್ಮೆ ಎರಡು ಸಲ ಆಯಿಲ್, ಫಿಲ್ಟರ್ ಬದಲಿಸಿದರೆ ಅದು ನಿಧಾನವಾಗಿ ಕರಗುತ್ತದೆ. ಅಂದಹಾಗೆ, ಡೀಸೆಲ್ ಎಂಜಿನ್‌ನಲ್ಲಿ ಹೊಸ ಆಯಿಲ್ ಬೇಗನೆ ಕಪ್ಪಾದರೆ ಗಾಬರಿ ಬೇಡ, ಮಸಿಯನ್ನು ಹಿಡಿದಿಟ್ಟುಕೊಳ್ಳುವುದೇ ಅದರ ಕೆಲಸ.

ಕಾಡುದಾರಿಯಲ್ಲಿ ಓಡುವ ಗಾಡಿಗೆ ಕಿಲೋಮೀಟರ್ ಲೆಕ್ಕ ಮೋಸ ಮಾಡುತ್ತದೆ. ಗಂಟೆಗೆ 40 ಕಿಲೋಮೀಟರ್ ಸರಾಸರಿಯಲ್ಲಿ 5000 ಕಿಲೋಮೀಟರ್ ಎಂದರೆ 125 ಗಂಟೆ. ಅದೇ 125 ಗಂಟೆ ಲೋ ಗೇರ್‌ನಲ್ಲಿ 10ರ ವೇಗದಲ್ಲಿ ಕಳೆದರೆ ಮೀಟರ್ ತೋರಿಸುವುದು 1250 ಮಾತ್ರ. ಗಂಟೆ ಎಣಿಸಿ ಬದಲಿಸಿ. ಕಡಿದಾದ ಏರಿನಲ್ಲಿ ಆಯಿಲ್ ಚೇಂಬರ್‌ನ ಒಂದು ಬದಿಗೆ ಸರಿದು ಪಿಕಪ್ ಬರಿದಾಗಬಹುದು, ಆದ್ದರಿಂದ ಮಟ್ಟ ಮೇಲಿನ ಗೆರೆಯಲ್ಲೇ ಇರಲಿ. ಗೆರೆ ದಾಟಿಸಬೇಡಿ: ಕ್ರ್ಯಾಂಕ್ ಆಯಿಲ್‌ಗೆ ಬಡಿದು ನೊರೆಯೇಳುತ್ತದೆ, ನೊರೆ ಎಳೆದ ಪಂಪ್ ಪ್ರೆಶರ್ ಕೊಡುವುದಿಲ್ಲ.

ಹೊಳೆ ದಾಟುವಾಗ ನೀರು ನುಗ್ಗಿದ ಅನುಮಾನವಿದ್ದರೆ ಸ್ಟಾರ್ಟ್ ಮಾಡಬೇಡಿ. ಒಂದು ರಾತ್ರಿ ಹಾಗೇ ಬಿಟ್ಟು, ಡ್ರೈನ್ ಬೋಲ್ಟ್ ಅನ್ನು ಕೊನೆಯ ಸುತ್ತಿನವರೆಗೆ ನಿಧಾನ ಸಡಿಲಿಸಿ. ನೀರು ಭಾರ, ಇದ್ದರೆ ಅದೇ ಮೊದಲು ಹನಿಯುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಹಾಲಿನಂಥ ಬಣ್ಣ ಕಂಡರೂ ಆಯಿಲ್, ಫಿಲ್ಟರ್ ಎರಡೂ ಹೋಗಬೇಕು. ಹೊಸದು ಹಾಕಿ ಇಪ್ಪತ್ತು ನಿಮಿಷ ಓಡಿಸಿದ ಮೇಲೂ ಬಿಳಿಚಿದರೆ ಇನ್ನೊಮ್ಮೆ ಬದಲಿಸಿ.

ಬದಲಿಸುವಾಗ ಗಾಡಿ ಸಮತಟ್ಟಾದ ನೆಲದಲ್ಲಿರಲಿ, ಎಂಜಿನ್ ಬೆಚ್ಚಗಿರಲಿ. ಡ್ರೈನ್ ಬೋಲ್ಟ್‌ನ ವಾಷರ್ ಪ್ರತಿ ಸಲ ಹೊಸದು. ಹಳೆ ಫಿಲ್ಟರ್‌ನ ರಬ್ಬರ್ ಬಳೆ ಬ್ಲಾಕ್‌ಗೆ ಅಂಟಿ ಉಳಿದಿಲ್ಲವೆಂದು ಬೆರಳಾಡಿಸಿ ನೋಡಿ, ಎರಡು ಬಳೆ ಸೇರಿದರೆ ಆಯಿಲ್ ಪೂರ್ತಿ ಚಿಮ್ಮಿಹೋಗುತ್ತದೆ. ಹೊಸ ಬಳೆಗೆ ಆಯಿಲ್ ಸವರಿ, ತಾಗಿದ ಮೇಲೆ ಕೈಯಲ್ಲೇ ಮುಕ್ಕಾಲು ಸುತ್ತು. ಕೈಪಿಡಿ ಹೇಳುವ ಅಳತೆಗಿಂತ ಅರ್ಧ ಲೀಟರ್ ಕಡಿಮೆ ಸುರಿಯಿರಿ. ಹಳೆ ಡೀಸೆಲ್‌ನಲ್ಲಿ ಸ್ಟಾಪ್ ಕೇಬಲ್ ಎಳೆದು ಹಿಡಿದು ಹತ್ತು ಸೆಕೆಂಡಿನಂತೆ ಸ್ಟಾರ್ಟರ್ ತಿರುಗಿಸಿ, ಆಯಿಲ್ ದೀಪ ಆರಿದ ಮೇಲೆ ಕೇಬಲ್ ಬಿಟ್ಟು ಸ್ಟಾರ್ಟ್ ಮಾಡಿ. ಎರಡು ನಿಮಿಷ ಓಡಿಸಿ, ನಿಲ್ಲಿಸಿ, ಐದು ನಿಮಿಷ ಬಿಟ್ಟು ಉಳಿದದ್ದನ್ನು ಗೆರೆಗೆ ತುಂಬಿಸಿ.

ಬಿಚ್ಚಿದ ಫಿಲ್ಟರ್ ಎಸೆಯುವ ಮೊದಲು ಕತ್ತರಿಸಿ, ಒಳಗಿನ ಕಾಗದ ಹಿಂಡಿ ಬಿಡಿಸಿ, ಬೆಳಕಿಗೆ ಹಿಡಿಯಿರಿ. ಆಯಸ್ಕಾಂತಕ್ಕೆ ಅಂಟುವ ಸಣ್ಣ ಪುಡಿ ಸ್ವಲ್ಪ ಇರುತ್ತದೆ. ಅಂಟದೆ ತಾಮ್ರದ ಬಣ್ಣಕ್ಕೆ ಹೊಳೆಯುವ ಚೂರು ಕಂಡರೆ ಬೇರಿಂಗ್‌ನ ಮೇಲ್ಪದರ ಆಗಲೇ ಹೋಗಿದೆ, ಮುಂದಿನ ಪ್ರಯಾಣಕ್ಕೆ ಮೊದಲು ಚೇಂಬರ್ ಇಳಿಸಿ ನೋಡಿಸಿ.